ರೊಟ್ಟಿಯೋ ಅನ್ನವೋ: ಕರುಳಿನ ಉರಿಯೂತ ಇರುವವರ ಊಟದ ಹೋಲಿಕೆ

ಹೋದ ವರ್ಷ ಪಂಚಮಿಗೆ ಗದಗಿನ ಮನೆಯ ಪಡಸಾಲೆಯಲ್ಲಿ ಕೂತು ನಾನೂ, ವರಸೆಯಲ್ಲಿ ತಮ್ಮನಾಗುವ ನನ್ನ ಕಾಕಾನ ಮಗನೂ ಒಂದೇ ತಟ್ಟೆಯಿಂದ ಜೋಳದ ಅಳ್ಳು, ಶೇಂಗಾ ಉಂಡಿ ತಿಂದೆವು. ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ಅವನಿಗೆ ಕ್ರೋನ್ಸ್. ಎರಡೂ ಕರುಳಿನ ಉರಿಯೂತದ ಕಾಯಿಲೆಗಳು, ಇಂಗ್ಲಿಷಿನಲ್ಲಿ ಐಬಿಡಿ ಅಂತಾರೆ. ಇಬ್ಬರ ಕಾಯಿಲೆಯೂ ಆಗ ತಣ್ಣಗಿತ್ತು. ನನಗೆ ಏನೂ ಆಗಲಿಲ್ಲ. ಅವನಿಗೆ ರಾತ್ರಿ ಹನ್ನೊಂದರ ಸುಮಾರಿಗೆ ಹೊಟ್ಟೆ ಹಿಂಡತೊಡಗಿತು. ಆಮೇಲೆ ವಾಂತಿ. ಗಾಳಿಯೂ ಹೋಗುತ್ತಿಲ್ಲ ಅಂದ. ಮೂರು ದಿನ ಸಲೈನ್ ಹಚ್ಚಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ. ಸಣ್ಣ ಕರುಳಿನಲ್ಲಿ ಒಂದು ಕಡೆ ದಾರಿ ಕಿರಿದಾಗಿತ್ತು. ಅರಳದೆ ಉಳಿದ ಕಾಳು, ಅಳ್ಳಿನ ಸಿಪ್ಪೆ, ಸರಿಯಾಗಿ ಅಗಿಯದ ಶೇಂಗಾ ಎಲ್ಲ ಅಲ್ಲಿ ಹೋಗಿ ಕೂತಿದ್ದವು.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ನನ್ನನ್ನೇ ಕೇಳಿದರು. "ನೀನೂ ಅದನ್ನ ತಿಂದಿದ್ದಿ, ನಿನಗ್ಯಾಕ ಏನೂ ಆಗಲಿಲ್ಲವಾ?"

ಈ ಬರಹ ಆ ಪ್ರಶ್ನೆಗೆ ಉತ್ತರ. ಹೊಟ್ಟೆ ಡಾಕ್ಟರ ಹತ್ತಿರ ಹೋದವರೆಲ್ಲ "ಏನ್ ತಿನಬೇಕು, ಏನ್ ತಿನಬಾರದು, ಒಂದು ಪಟ್ಟಿ ಬರದು ಕೊಡ್ರಿ" ಅಂತಾರೆ. ನಾನೂ ಕೇಳಿದ್ದೆ. ಎಲ್ಲರಿಗೂ ಹೊಂದುವ ಅಂಥ ಪಟ್ಟಿ ಇಲ್ಲ. ನಿಮ್ಮ ಪಟ್ಟಿಯನ್ನು ನೀವೇ ಮಾಡಿಕೊಳ್ಳಬೇಕು. ಅದಕ್ಕೆ ಒಂದು ಪದಾರ್ಥವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೇ ಪದಾರ್ಥದ ಎರಡು ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬಿಸಿ ರೊಟ್ಟಿ, ಖಡಕ್ ರೊಟ್ಟಿ. ಹಾಲು, ಮಜ್ಜಿಗೆ. ಉಳ್ಳಾಗಡ್ಡಿ ಹಾಕಿದ ಜುಣಕ, ಹಾಕದ ಜುಣಕ.

ಮೊದಲು ಯಾವ ಕಾಯಿಲೆ, ಈಗ ಹೇಗಿದೆ

ಕೊಲೈಟಿಸ್ ದೊಡ್ಡ ಕರುಳಿಗೆ ಮಾತ್ರ ಬರುತ್ತದೆ. ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಬಾಯಿಂದ ಕೆಳಗಿನವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ ಜಾಸ್ತಿ. ಅದು ಕರುಳಿನ ಗೋಡೆಯ ಆಳಕ್ಕೂ ಇಳಿಯುವುದರಿಂದ ಗಾಯ ಮಾಗುತ್ತಾ ದಾರಿ ಕಿರಿದಾಗುವ ಸಾಧ್ಯತೆ ಅದರಲ್ಲೇ ಹೆಚ್ಚು. ಇದಕ್ಕೆ ಸ್ಟ್ರಿಕ್ಚರ್ ಅಂತಾರೆ. ಅಳ್ಳು ನನ್ನ ಕರುಳಲ್ಲಿ ದಾಟಿ ಅವನ ಕರುಳಲ್ಲಿ ಸಿಕ್ಕಿಕೊಂಡದ್ದು ಇದಕ್ಕೇ.

ಐಬಿಎಸ್ ಅನ್ನುವುದು ಬೇರೆ. ಅದರಲ್ಲಿ ಕರುಳಿಗೆ ಗಾಯ ಆಗುವುದಿಲ್ಲ, ಹೊಟ್ಟೆ ಮಾತ್ರ ಕಾಡುತ್ತದೆ. ಐಬಿಡಿ, ಐಬಿಎಸ್ ಎಂದು ಹೆಸರು ಹತ್ತಿರ ಹತ್ತಿರ ಇರುವುದರಿಂದ ನಮ್ಮಲ್ಲಿ ಇದು ದಿನಾ ಗೊಂದಲ. ಇನ್ನೂ ಒಂದಿದೆ. ಕರುಳಿನ ಟಿಬಿ ನೋಡಲು ಕ್ರೋನ್ಸ್ ಥರವೇ ಕಾಣುತ್ತದೆ. ನಮ್ಮ ದೇಶದಲ್ಲಿ ಡಾಕ್ಟರು ಕೊಲೊನೋಸ್ಕೋಪಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಎರಡನ್ನೂ ಬೇರ್ಪಡಿಸಿ ನೋಡದೆ ಮುಂದೆ ಹೋಗುವುದಿಲ್ಲ. ಹಾಗಾಗಿ ಕಾಯಿಲೆ ಯಾವುದೆಂದು ಖಾತ್ರಿ ಆಗುವ ಮೊದಲೇ ಊಟ ಬದಲಿಸಬೇಡಿ. ಗೋಧಿಯನ್ನಂತೂ ಬಿಡಲೇಬೇಡಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳಿಗೆ ಆಗಿಬರದ ಕಾಯಿಲೆಗೆ ಸೀಲಿಯಾಕ್ ಅಂತಾರೆ. ಗೋಧಿ ಬಿಟ್ಟ ಮೇಲೆ ಅದರ ಪರೀಕ್ಷೆ ಮಾಡಿಸಿದರೆ ಉತ್ತರ ತಪ್ಪು ಬರಬಹುದು.

ಇನ್ನು ಕಾಲ. ತಿಂದದ್ದನ್ನು ಬರೆದಿಡುವ ನನ್ನ ವಹಿಯಲ್ಲಿ ಪ್ರತಿ ಪದಾರ್ಥಕ್ಕೂ ಎರಡು ಕಾಲಂ: 'ಕೆರಳಿದಾಗ', 'ತಣ್ಣಗಿದ್ದಾಗ'. ಹಸಿ ಸೌತೆಕಾಯಿ ಒಂದರಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ಸರಿ ಗುರುತು. ತಮ್ಮನ ವಹಿಯಲ್ಲಿ ಮೂರನೆಯದೂ ಇದೆ: 'ಡಾಕ್ಟರು ಹೇಳುವ ತನಕ ಬೇಡ'. ಆ ಕಾಲಂ ತಮಾಷೆಯದಲ್ಲ. ದಾರಿ ಕಿರಿದಾಗಿದೆ ಎಂದು ಸ್ಕ್ಯಾನಿನಲ್ಲಿ ಬಂದವರು ಅಳ್ಳು, ಶೇಂಗಾ, ಗೋವಿನಜೋಳ, ಒಣಕೊಬ್ಬರಿ, ಪೇರಲದ ಬೀಜ, ಕಿತ್ತಳೆ ತೊಳೆಯ ಸಿಪ್ಪೆ, ಇಂಥವನ್ನು "ಪರೀಕ್ಷೆ ಮಾಡಿ ನೋಡೋಣ" ಅನ್ನಬಾರದು.

ಹುಡುಕುವ ದಾರಿ ನಾಲ್ಕು, ಹಣ ಹೋಗಿದ್ದು ಒಂದರಲ್ಲಿ

ಮೊದಲ ದಾರಿ ಸಿದ್ಧ ಪಟ್ಟಿ. ಡಾಕ್ಟರ ಟೇಬಲ್ ಮೇಲೆ ಸಿಗುವ ಕಾಗದ, ಮೊಬೈಲಿಗೆ ಬರುವ ಮೆಸೇಜು. ಕೆರಳಿದಾಗ ಮೊದಲ ವಾರಕ್ಕೆ ಇದು ಸಾಕು. ಮೆತ್ತಗಿನ ಅನ್ನ, ಹೆಸರಬ್ಯಾಳಿ ಕಟ್ಟು, ಬೆಂದ ಬಟಾಟಿ, ಒಗ್ಗುವವರಿಗೆ ಮೊಟ್ಟೆ. ಆದರೆ ಆ ಪಟ್ಟಿಯಲ್ಲೇ ವರ್ಷಗಟ್ಟಲೆ ಉಳಿದವರನ್ನು ನೋಡಿದ್ದೇನೆ. ತಾತ್ಕಾಲಿಕ ಊಟ ಅವರಿಗೆ ಕಾಯಂ ಊಟ ಆಗಿಬಿಟ್ಟಿದೆ.

ಎರಡನೆಯದು 'ಯಾವುದು ಆಗಿಬರುವುದಿಲ್ಲ' ಎಂದು ಹೇಳುವ ರಕ್ತಪರೀಕ್ಷೆ. ಐಜಿಜಿ ಪರೀಕ್ಷೆ ಅಂತ ಮಾರುತ್ತಾರೆ. ನಾನು ಮಾಡಿಸಿದ್ದೆ. ಲ್ಯಾಬಿನವರು ಬಣ್ಣಬಣ್ಣದ ವರದಿ ಕೊಟ್ಟರು. ಅಕ್ಕಿ, ಹಾಲು, ತೊಗರಿ, ಟೊಮೆಟೊ, ಎಳ್ಳು, ಬಾಳೆಹಣ್ಣು, ಎಲ್ಲದರ ಮುಂದೂ ಕೆಂಪು ಚುಕ್ಕಿ. ನಾಲ್ಕು ತಿಂಗಳು ಅವೆಲ್ಲ ಬಿಟ್ಟೆ. ತೂಕ 58ರಿಂದ 49ಕ್ಕೆ ಇಳಿಯಿತು, ಕಾಯಿಲೆ ಒಂದಿಷ್ಟೂ ಇಳಿಯಲಿಲ್ಲ. ಆಮೇಲೆ ತಿಳಿಯಿತು, ಐಜಿಜಿ ಅನ್ನುವುದು ಆ ಪದಾರ್ಥ ನಾವು ತಿಂದಿದ್ದೇವೆ ಅನ್ನುವುದಕ್ಕೆ ದೇಹ ಇಟ್ಟುಕೊಂಡ ನೆನಪು ಅಷ್ಟೇ. ದಿನಾ ತಿನ್ನುವುದೇ ಹೆಚ್ಚು ಕೆಂಪಾಗುತ್ತದೆ. ಆಹಾರ ಆಗಿಬರದಿರುವುದನ್ನು ಪತ್ತೆಹಚ್ಚಲು ಇದನ್ನು ಬಳಸಬೇಡಿ ಎಂದು ಅಲರ್ಜಿ ತಜ್ಞರ ಸಂಘಗಳೇ ಹೇಳುತ್ತವೆ. ಈ ನಾಲ್ಕರಲ್ಲಿ ನಾನು ಪೂರ್ತಿ ಬೇಡ ಅನ್ನುವುದು ಇದೊಂದನ್ನೇ.

ಮೂರನೆಯದು ಲೋ-ಫಾಡ್‌ಮ್ಯಾಪ್. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ, ದೊಡ್ಡ ಕರುಳಿಗೆ ಹೋಗಿ ಹುದುಗಿ, ಗಾಳಿ-ನೀರು ತುಂಬಿಸುವ ಸಕ್ಕರೆಯ ಜಾತಿಯ ಕೆಲವು ಪದಾರ್ಥಗಳಿವೆ. ಅವಕ್ಕೇ ಫಾಡ್‌ಮ್ಯಾಪ್ ಅಂತಾರೆ. ಗೋಧಿ, ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿ ಫ್ರಕ್ಟಾನ್. ಕಾಳು-ಬೇಳೆಯಲ್ಲಿ ಇನ್ನೊಂದು. ಹಾಲಿನಲ್ಲಿ ಲ್ಯಾಕ್ಟೋಸ್. ಎರಡರಿಂದ ಆರು ವಾರ ಇವನ್ನು ಕಡಿಮೆ ಮಾಡಿ, ಆಮೇಲೆ ಒಂದೊಂದೇ ವಾಪಸ್ ತರುವುದು. ಕಾಯಿಲೆ ತಣ್ಣಗಿದ್ದರೂ ಹೊಟ್ಟೆ ಉಬ್ಬುವವರಿಗೆ ಇದು ಒಳ್ಳೆಯದು. ಆದರೆ ಇದು ಕರುಳಿನ ಗಾಯ ಮಾಗಿಸುವುದಿಲ್ಲ, ಉಬ್ಬರ-ನೋವು ಕಡಿಮೆ ಮಾಡುತ್ತದೆ ಅಷ್ಟೇ. ಮೊದಲೇ ತೂಕ ಇಳಿದವರು ಒಬ್ಬ ಆಹಾರತಜ್ಞರ ಕಣ್ಣೆದುರಿಗೆ ಮಾಡುವುದು ಒಳ್ಳೆಯದು. ಬೇಳೆ, ಹಾಲು, ಗೋಧಿ ಒಟ್ಟಿಗೆ ತೆಗೆದರೆ ಸಸ್ಯಾಹಾರಿಯ ತಟ್ಟೆಯಲ್ಲಿ ಏನುಳಿಯುತ್ತದೆ ಹೇಳಿ.

ನಾಲ್ಕನೆಯದು ವಹಿ ಮತ್ತು ಪೆನ್ನು. ಖರ್ಚು ಇಪ್ಪತ್ತು ರೂಪಾಯಿ, ತಾಳ್ಮೆ ಬೇಕು ಅಷ್ಟೇ. ಮೂರು ಮತ್ತು ನಾಲ್ಕನ್ನು ಬೆರೆಸಿಕೊಂಡವರಿಗೆ ಲಾಭ ಜಾಸ್ತಿ ಅನ್ನುವುದು ನನ್ನ ಅನಿಸಿಕೆ.

ಜುಣಕದ ಪರೀಕ್ಷೆ

ಒಮ್ಮೆ ಜುಣಕ ತಿಂದು ಹೊಟ್ಟೆ ನಗಾರಿಯಾಯಿತು. ಅತ್ತೆ ಅಂದರು, "ಕಡ್ಲಿಹಿಟ್ಟು ವಾಯು ಅದ, ನಿನಗ ಆಗೂದಿಲ್ಲ ಬಿಡವಾ." ನಾನೂ ವಹಿಯಲ್ಲಿ ಕಡ್ಲಿಹಿಟ್ಟಿನ ಮುಂದೆ ಅಡ್ಡಗೆರೆ ಹಾಕಿದೆ. ಎರಡು ತಿಂಗಳ ಮೇಲೆ ನೆನಪಾಯಿತು, ಜುಣಕದಲ್ಲಿ ಕಡ್ಲಿಹಿಟ್ಟು ಒಂದೇ ಇರುವುದಿಲ್ಲವಲ್ಲ. ಎರಡು ಉಳ್ಳಾಗಡ್ಡಿ, ಆರೇಳು ಎಸಳು ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಮೇಲೆ ಧಾರಾಳ ಎಣ್ಣೆ. ಐದು ಜನ ಆರೋಪಿಗಳು, ನಾನು ಒಬ್ಬನನ್ನೇ ಹಿಡಿದು ಒಳಗೆ ಹಾಕಿದ್ದೆ.

ಹಾಗಾಗಿ ಮತ್ತೆ ಮಾಡಿದೆ. ಕಾಯಿಲೆ ತಣ್ಣಗಿದ್ದ ವಾರ ಆರಿಸಿಕೊಂಡೆ. ಮದುವೆ-ಮುಂಜಿ ಇರದ ವಾರ, ಹೊಸ ಗುಳಿಗೆ ಶುರುಮಾಡದ ವಾರ. ಉಳಿದ ಊಟ ಎಲ್ಲ ದಿನಾ ಒಂದೇ: ಅನ್ನ, ಹೆಸರಬ್ಯಾಳಿ, ಹೀರಿಕಾಯಿ, ಮಜ್ಜಿಗೆ. ಮೊದಲ ದಿನ ಉಳ್ಳಾಗಡ್ಡಿ-ಬಳ್ಳೊಳ್ಳಿ ಇಲ್ಲದ ಜುಣಕ ಎರಡು ಚಮಚ. ಎರಡನೆಯ ದಿನ ನಾಲ್ಕು ಚಮಚ. ಮೂರನೆಯ ದಿನ ಒಂದು ಬಟ್ಟಲು. ಏನೂ ಆಗಲಿಲ್ಲ. ಆಮೇಲೆ ಮೂರು ದಿನ ಬಿಡುವು. ಮುಂದಿನ ಮೂರು ದಿನ ಅದೇ ಜುಣಕ, ಉಳ್ಳಾಗಡ್ಡಿ ಸೇರಿಸಿ, ಮತ್ತೆ ಎರಡು ಚಮಚದಿಂದ. ಎರಡನೆಯ ದಿನ ಮಧ್ಯಾಹ್ನ ಮೂರಕ್ಕೇ ನಗಾರಿ.

ಕಡ್ಲಿಹಿಟ್ಟು ಬಿಡುಗಡೆ, ಉಳ್ಳಾಗಡ್ಡಿ ಒಳಗೆ. ಅದೂ ಪೂರ್ತಿ ಅಲ್ಲ. ಎರಡು ಚಮಚ ಜುಣಕದಲ್ಲಿ ಇರುವಷ್ಟು ಉಳ್ಳಾಗಡ್ಡಿ ನಡೆಯುತ್ತದೆ. ಈ ಅಳತೆಯನ್ನು ಯಾವ ಸಿದ್ಧ ಪಟ್ಟಿಯೂ ಹೇಳುತ್ತಿರಲಿಲ್ಲ.

ಬಳ್ಳೊಳ್ಳಿಗೆ ಒಂದು ಉಪಾಯ ಇದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಜಜ್ಜದ ಎಸಳು ಹಾಕಿ, ಕೆಂಪಾದ ಮೇಲೆ ಎತ್ತಿ ಬಿಸಾಕಿ. ವಾಸನೆ ಎಣ್ಣೆಯಲ್ಲಿ ಉಳಿಯುತ್ತದೆ, ತೊಂದರೆ ಎಸಳಿನ ಜೊತೆ ಹೋಗುತ್ತದೆ. ಸಾರಿನಲ್ಲಿ ಕುದಿಸಿ ಎತ್ತಿದರೆ ಮಾತ್ರ ಈ ಲಾಭ ಇಲ್ಲ. ಉಳ್ಳಾಗಡ್ಡಿಯ ಬದಲು ತಪ್ಪಲುಳ್ಳಾಗಡ್ಡಿಯ ಹಸಿರು ಭಾಗ ಹಾಕಬಹುದು, ಬಿಳಿ ಗಡ್ಡೆ ಬೇಡ. ಇಂಗಿನ ಡಬ್ಬಿಯ ಹಿಂದೆಯೂ ಒಮ್ಮೆ ಓದಿ. ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಅಥವಾ ಮೈದಾ ಬೆರೆತಿರುವುದು ಸಾಮಾನ್ಯ.

ರೊಟ್ಟಿ, ಚಪಾತಿ, ಅನ್ನ

ನಮ್ಮ ಕಡೆ ಇದೇ ದೊಡ್ಡ ಜಗಳ. ಹೊಟ್ಟೆ ಕೆಟ್ಟಿದೆ ಅಂದ ಕೂಡಲೇ "ರೊಟ್ಟಿ ಬಿಡು, ಚಪಾತಿ ತಿನ್ನು, ಹಗುರ" ಅಂತಾರೆ. ನಾರಿನ ಲೆಕ್ಕದಲ್ಲಿ ಈ ಮಾತು ನಿಲ್ಲುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ. ಜೋಳದಲ್ಲಿ ಸುಮಾರು 10, ಗೋಧಿಹಿಟ್ಟು, ಸಜ್ಜೆ, ರಾಗಿ ಮೂರರಲ್ಲೂ 11ರ ಆಸುಪಾಸು. ಅಂದರೆ ಚಪಾತಿ ರೊಟ್ಟಿಗಿಂತ ಹಗುರ ಏನಲ್ಲ. ಮೇಲಿಂದ ಗೋಧಿಯಲ್ಲಿ ಫ್ರಕ್ಟಾನ್ ಇದೆ, ಜೋಳದಲ್ಲಿ ಅದರ ಕಾಟ ಕಡಿಮೆ. ಗೋಧಿಯ ಗ್ಲುಟೆನ್ ಕೂಡ ಜೋಳದಲ್ಲಿ ಇಲ್ಲ.

ನನಗೆ ಎರಡು ಚಪಾತಿಗಿಂತ ಒಂದು ಬಿಸಿ ರೊಟ್ಟಿ ಎಷ್ಟೋ ವಾಸಿ. ತಮ್ಮನಿಗೆ ಉಲ್ಟಾ. ಅವನಿಗೆ ತೆಳ್ಳಗಿನ, ಮೆತ್ತಗಿನ ಚಪಾತಿ ಸಾಗುತ್ತದೆ, ರೊಟ್ಟಿ ತಿಂದರೆ ಬಲಗಡೆ ಕೆಳಗೆ ನೋವು. ರೊಟ್ಟಿಯನ್ನು ಅವನು ಗಬಗಬ ನುಂಗುತ್ತಾನೆ ಅನ್ನುವುದೂ ಇದರಲ್ಲಿ ಸೇರಿದೆ. ಹೇಳಿದರೆ, "ಅಕ್ಕಾ, ಅಗಿಯೂದಕ್ಕ ಟೈಮ್ ಎಲ್ಲೈತಿ?" ಅಂತಾನೆ.

ರೊಟ್ಟಿಯಲ್ಲೇ ಮೂರು ನಮೂನೆ. ಎಸರು ಕುದಿಸಿ, ಹಿಟ್ಟು ಚೆನ್ನಾಗಿ ನಾದಿ, ತೆಳ್ಳಗೆ ಬಡಿದು, ಹಂಚಿನಿಂದ ಇಳಿಸಿದ ಕೂಡಲೇ ತಿನ್ನುವ ಬಿಸಿ ರೊಟ್ಟಿ ಒಂದು. ಬುಟ್ಟಿಯಲ್ಲಿ ತಿಂಗಳು ಇಟ್ಟರೂ ಕೆಡದ ಖಡಕ್ ರೊಟ್ಟಿ ಇನ್ನೊಂದು. ಸಾರಿನಲ್ಲೋ ಮಜ್ಜಿಗೆಯಲ್ಲೋ ಅರ್ಧ ತಾಸು ನೆನೆಸಿ ಹಿಸುಕಿದ್ದು ಮೂರನೆಯದು. ಕೆರಳಿದಾಗ ಮೂರೂ ಬೇಡ. ಚೇತರಿಸಿಕೊಳ್ಳುವಾಗ ಮೊದಲು ಮೂರನೆಯದು ತನ್ನಿ, ಆಮೇಲೆ ಬಿಸಿ ರೊಟ್ಟಿ, ಕೊನೆಗೆ ಬೇಕಿದ್ದರೆ ಖಡಕ್. ಗಿರಣಿಯಿಂದ ಬಂದ ಹಿಟ್ಟನ್ನು ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಇನ್ನೊಮ್ಮೆ ಜಾಲಿಸಿ. ತೌಡು ಎಷ್ಟು ಮೇಲುಳಿಯುತ್ತದೆ ನೋಡಿದರೆ ನೀವೇ ಬೆರಗಾಗುತ್ತೀರಿ.

ಜೋಳದ ನುಚ್ಚು ಮತ್ತು ಅಂಬಲಿ ನನ್ನ ಮಟ್ಟಿಗೆ ರೊಟ್ಟಿಗಿಂತ ಮೊದಲು ಬರಬೇಕಾದವು. ಜೋಳ ಬೆಂದಾಗ ಅದರ ಪ್ರೋಟೀನು ಬಿಗಿದುಕೊಳ್ಳುತ್ತದೆ, ಜೀರ್ಣ ಆಗುವುದು ಕಡಿಮೆಯಾಗುತ್ತದೆ. ಹಿಟ್ಟು ಹುಳಿ ಬರಿಸಿ ಮಾಡಿದ ಅಂಬಲಿಯಲ್ಲಿ ಆ ತೊಂದರೆ ಅಷ್ಟು ಇರುವುದಿಲ್ಲ. ಅಜ್ಜಿಯರು ಬಾಣಂತಿಗೂ ಜ್ವರದವರಿಗೂ ಗಂಜಿ-ಅಂಬಲಿ ಕೊಟ್ಟದ್ದು ಸುಮ್ನೆ ಅಲ್ಲ, ಆದರೆ ಅವರಿಗೆ ಸರಿಹೋಯಿತೆಂದು ನಿಮಗೂ ಹೋಗುತ್ತದೆ ಅನ್ನುವಂತಿಲ್ಲ. ನುಚ್ಚನ್ನು ಚೆನ್ನಾಗಿ ಕುದಿಸಿ, ಕಾಳಿನ ಗಟ್ಟಿ ನಡುವು ಉಳಿಯದ ಹಾಗೆ.

ಅನ್ನ ಎಲ್ಲಕ್ಕಿಂತ ನಿಶ್ಚಿಂತೆ. ಬಿಸಿ ಅನ್ನಕ್ಕೂ ತಂಗಳನ್ನಕ್ಕೂ ವ್ಯತ್ಯಾಸ ಇದೆ. ಬೆಂದು ಆರಿದ ಅನ್ನದಲ್ಲಿ ಪಿಷ್ಟದ ಒಂದಿಷ್ಟು ಭಾಗ ಸಣ್ಣ ಕರುಳಲ್ಲಿ ಜೀರ್ಣವಾಗದೆ ಮುಂದೆ ಹೋಗುತ್ತದೆ. ಕೆಲವರಿಗೆ ಅದು ಒಳ್ಳೆಯದು, ಕೆಲವರಿಗೆ ಗಾಳಿ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಹಾಲು, ಮೊಸರು, ಪೇಡ

ಧಾರವಾಡದಲ್ಲಿದ್ದು ಪೇಡ ಬಿಡುವುದೆಂದರೆ ಊರು ಬಿಟ್ಟಂತೆ. ಹಾಲು ಎಲ್ಲರೂ ಬಿಡಬೇಕಾಗಿಲ್ಲ. ಲ್ಯಾಕ್ಟೋಸ್ ಅರಗದವರು ಮಾತ್ರ ಕಡಿಮೆ ಮಾಡಬೇಕು. ಒಂದು ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಯಲ್ಲಿ, ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅರಗದವರಲ್ಲೂ ಎಷ್ಟೋ ಜನ ಅಷ್ಟನ್ನು ಊಟದ ಜೊತೆ ತಾಳಿಕೊಳ್ಳುತ್ತಾರೆ. ಒಂದು ಕಪ್ ಚಹಾಕ್ಕೆ ಹಾಕುವ ಹಾಲು ಅದಕ್ಕಿಂತ ಕಡಿಮೆ. ಚಹಾ ಕುಡಿದು ಓಡುವವರು ಹಾಲನ್ನು ಬೈಯುವ ಮೊದಲು ಬರೀ ಹೊಟ್ಟೆಯಲ್ಲಿ ಕುಡಿದ ಚಹಾವನ್ನೇ ಅನುಮಾನಿಸಬೇಕು. ಕೆಫೀನ್ ಕರುಳನ್ನು ಚುರುಕು ಮಾಡುತ್ತದೆ.

ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದಿಷ್ಟು ಪಾಲು ತಿಂದು ಮುಗಿಸಿರುತ್ತವೆ. ನೀರು ಬೆರೆಸಿದ ಮಜ್ಜಿಗೆಯಲ್ಲಿ ಲೋಟಕ್ಕೆ ಇನ್ನೂ ಕಡಿಮೆ. ತುಪ್ಪದಲ್ಲಿ ಇಲ್ಲವೆಂದೇ ಹೇಳಬಹುದು. ಪೇಡದ ಕಥೆ ಬೇರೆ. ಹಾಲನ್ನು ಎಷ್ಟು ಹೊತ್ತು ಬತ್ತಿಸಿದರೂ ನೀರು ಹೋಗುತ್ತದೆ, ಲ್ಯಾಕ್ಟೋಸ್ ಕಡಾಯಿಯಲ್ಲೇ ಉಳಿಯುತ್ತದೆ. ಒಂದು ಪೇಡ ಸಣ್ಣದು, ನಡೆಯುತ್ತದೆ. ಯಾರೂ ಒಂದಕ್ಕೆ ನಿಲ್ಲುವುದಿಲ್ಲ ಅನ್ನುವುದೇ ತೊಂದರೆ. ನಾನು ಊಟದ ಮೇಲೆ ಒಂದು ತಿಂದು ಡಬ್ಬಿಯನ್ನು ಪಕ್ಕದ ಮನೆಗೆ ಕೊಡುತ್ತೇನೆ.

ಸ್ಟೀರಾಯ್ಡ್ ಗುಳಿಗೆ ನುಂಗುವವರು ಹಾಲು-ಮೊಸರು ಬಿಡುವ ಮೊದಲು ಎರಡು ಸಲ ಯೋಚಿಸಿ. ಆ ಗುಳಿಗೆ ಎಲುಬು ಸವೆಸುತ್ತದೆ, ಕ್ಯಾಲ್ಸಿಯಂ ಎಲ್ಲಿಂದಾದರೂ ಬರಲೇಬೇಕು.

ಬೇಳೆ, ಕಾಳು, ತರಕಾರಿ

ಸಿಪ್ಪೆ ತೆಗೆದ ಹೆಸರಬ್ಯಾಳಿ ಮೊದಲು. ಆಮೇಲೆ ತೊಗರಿ. ಕಡ್ಲಿಬ್ಯಾಳಿ, ಮಡಕಿ, ಅಲಸಂದಿ ಕೊನೆಗೆ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ಗಾಳಿ ತುಂಬುವ ಸಕ್ಕರೆ ಒಂದಿಷ್ಟು ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು. ಆದರೆ ಮೊಳಕೆಕಾಳನ್ನು ಹಸಿಯಾಗಿ ತಿನ್ನಬೇಡಿ, ಅದರಲ್ಲೂ ಅಜಾಥಯೋಪ್ರಿನ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ಇದ್ದರೆ. ಹೋಳಿಗೆಯ ದಿನ ಮಾಡುವ ಕಟ್ಟಿನ ಸಾರು ನೋಡಲು ತೆಳ್ಳಗೆ, ಆದರೆ ಕಡ್ಲಿಬ್ಯಾಳಿಯಿಂದ ನೀರಿಗೆ ಬಿಟ್ಟ ಸಕ್ಕರೆಯೆಲ್ಲ ಇರುವುದು ಅದರಲ್ಲೇ. "ಬರೇ ತಿಳಿ ಸಾರು ಅಲ್ಲೇನು" ಎಂದು ಎರಡು ಬಟ್ಟಲು ಕುಡಿದು ಒಂದು ರಾತ್ರಿ ಪೂರ್ತಿ ಅನುಭವಿಸಿದ್ದೇನೆ.

ತರಕಾರಿಗೆ ಸಿಪ್ಪೆ, ಬೀಜ, ಹಸಿ ಈ ಮೂರನ್ನು ನೋಡಿಕೊಂಡರೆ ಮುಕ್ಕಾಲು ಕೆಲಸ ಆಯಿತು. ಹೀರಿಕಾಯಿ, ಸಿಪ್ಪೆ ತೆಗೆದ ಗಜ್ಜರಿ, ಕುಂಬಳ ಮೊದಲು. ಪುಂಡಿಪಲ್ಯ, ಮೆಂತ್ಯಪಲ್ಯ ಆಮೇಲೆ, ದಂಟು ತೆಗೆದು, ಬೇಳೆಯ ಜೊತೆ ಕುದಿಸಿ ಕಡೆದು. ಊಟದ ಪಕ್ಕಕ್ಕೆ ಇಡುವ ಹಸಿ ಮೂಲಂಗಿ, ಹಕ್ಕರಕಿ, ಸೌತೆಕಾಯಿ ಎಲ್ಲಕ್ಕಿಂತ ಕೊನೆಗೆ. ಹಣ್ಣಿನಲ್ಲಿ ಪೇರಲ ಬೀಜದಿಂದ, ಆಪೂಸ್ ಮಾವು ಅದರ ಸಕ್ಕರೆಯಿಂದ ಕಾಡಬಹುದು. ಮಾಗಿದ ಬಾಳೆಹಣ್ಣು, ಪಪ್ಪಾಯಿ ಬಹಳ ಜನಕ್ಕೆ ಒಗ್ಗುತ್ತವೆ.

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ: ಕುಟ್ಟಿದ್ದಕ್ಕೂ ನುಣ್ಣಗೆ ರುಬ್ಬಿದ್ದಕ್ಕೂ ವ್ಯತ್ಯಾಸ ನೋಡಿ. ತಮ್ಮ ಈಗ ಶೇಂಗಾವನ್ನು ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಿಸಿ ತಿನ್ನುತ್ತಾನೆ. ಡಾಕ್ಟರು ಒಪ್ಪಿದ ಮೇಲೆ.

ಖಾರದ ಮಾತು

ಮೆಣಸಿನಕಾಯಿಯಿಂದ ಈ ಕಾಯಿಲೆ ಬರುವುದಿಲ್ಲ. ಇದನ್ನು ನನ್ನ ಅತ್ತೆಗೆ ನಂಬಿಸಲು ಎರಡು ವರ್ಷ ಬೇಕಾಯಿತು. ಆದರೆ ಖಾರದಲ್ಲಿರುವ ಕ್ಯಾಪ್ಸೈಸಿನ್ ಕರುಳಿನ ನರಗಳನ್ನು ಕೆಣಕುತ್ತದೆ, ಮೊದಲೇ ಗಾಯ ಇದ್ದರೆ ಹೊರಗೆ ಹೋಗುವಾಗಲೂ ಉರಿ. ಇಲ್ಲಿ ನಮಗೊಂದು ಅನುಕೂಲ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರುವುದೇ ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಅದಕ್ಕೆ ಜಿಐ ಗುರುತೂ, ಅಂದರೆ ಆ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಮಾನ್ಯತೆಯೂ, ಸಿಕ್ಕಿದೆ. ಗುಂಟೂರು ಬೆರೆಸದ ಬ್ಯಾಡಗಿ ಪುಡಿಯಲ್ಲಿ ಸಾರು ಕೆಂಪಾಗಿ ಕಾಣುತ್ತದೆ, ಹೊಟ್ಟೆ ತಣ್ಣಗಿರುತ್ತದೆ. ಬೀಜ ಕೊಡವಿ ಪುಡಿ ಮಾಡಿಸಿ. ಮನೆಯವರಿಗೂ ಬೇಜಾರಾಗುವುದಿಲ್ಲ, ನಿಮಗೆ ಬೇರೆ ಪಾತ್ರೆ ಇಡುವ ಕೆಲಸವೂ ತಪ್ಪುತ್ತದೆ. ಕೆಂಪು ಮೆಣಸಿನಕಾಯಿ ರುಬ್ಬಿ ಮಾಡುವ ರಂಜಕ ಮಾತ್ರ ನನ್ನ ವಹಿಯಲ್ಲಿ ಎರಡೂ ಕಾಲಂಗಳಲ್ಲಿ ಅಡ್ಡಗೆರೆ. ಇದೊಂದು ದುಃಖ ಹಾಗೇ ಉಳಿದಿದೆ.

ಹೊರಗೆ ಉಣ್ಣುವಾಗ

ಗಿರಮಿಟ್-ಮಿರ್ಚಿ ಎರಡನ್ನು ಒಂದೇ ಹೆಸರಿನಂತೆ ಹೇಳುತ್ತೇವೆ, ಹೊಟ್ಟೆಗೆ ಅವು ಎರಡು ಬೇರೆ ಪದಾರ್ಥ. ಗಿರಮಿಟ್ಟಿನ ಚುರುಮುರಿ ಹಗುರ. ಅದರ ಮೇಲಿನ ಹಸಿ ಉಳ್ಳಾಗಡ್ಡಿ ಬೇಡ ಅಂದರೆ ಗಿರಮಿಟ್ ಅರ್ಧ ಪ್ಲೇಟ್ ನನಗೆ ಸಾಗುತ್ತದೆ. ಮಿರ್ಚಿಯಲ್ಲಿ ಖಾರ, ಕಡ್ಲಿಹಿಟ್ಟು, ಕರಿದ ಎಣ್ಣೆ ಮೂರೂ ಒಟ್ಟಿಗೆ. ಸಣ್ಣ ಕರುಳಿನ ಕೊನೆಯ ತುಂಡು ಆಪರೇಷನ್‌ನಲ್ಲಿ ತೆಗೆಸಿಕೊಂಡವರಿಗಂತೂ ಎಣ್ಣೆಯೇ ಭೇದಿಗೆ ಕಾರಣ ಆಗಬಹುದು.

ಖಾನಾವಳಿಯೋ ದರ್ಶಿನಿಯೋ ಅಂದರೆ ನಾನು ಖಾನಾವಳಿ ಅನ್ನುತ್ತೇನೆ. ಅಲ್ಲಿ ಎದುರಿಗೇ ರೊಟ್ಟಿ ಬಡಿಯುತ್ತಾರೆ, "ಅಕ್ಕಾರ, ನನಗ ಪಲ್ಯ ಬ್ಯಾಡ್ರಿ, ಬ್ಯಾಳಿ, ಮಜ್ಜಗಿ ಕೊಡ್ರಿ" ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ದರ್ಶಿನಿಯಲ್ಲಾದರೆ ಬಿಸಿ ಇಡ್ಲಿ, ಚಟ್ನಿ ಬಿಟ್ಟು. ಇಡ್ಲಿ ಇದ್ದೂರಲ್ಲಿ ಉಪವಾಸ ಇಲ್ಲ.

ಪ್ಯಾಕೆಟ್ ತಿನಿಸಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಂಕಿಗಳಿರುತ್ತವೆ. ತಿನಿಸು ಮಂದವಾಗಿ, ಒಡೆಯದೆ ಇರಲು ಬೆರೆಸುವ ಪದಾರ್ಥಗಳೂ ಅದರಲ್ಲಿರುತ್ತವೆ. 407 ಅಂದರೆ ಕ್ಯಾರಗೀನನ್, 433 ಪಾಲಿಸಾರ್ಬೇಟ್ 80, 466 ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (ಸಿಎಂಸಿ). ಐಸ್‌ಕ್ರೀಮು, ಫ್ಲೇವರ್ ಹಾಲು, ಸಾಸುಗಳಲ್ಲಿ ಇವು ಸಿಗುತ್ತವೆ. ಕರುಳಿನ ಲೋಳೆಯ ಪದರಕ್ಕೆ ಇವು ಒಳ್ಳೆಯದಲ್ಲ ಅನ್ನುವ ಅನುಮಾನ ಸಂಶೋಧಕರಿಗೆ ಇದೆ. ಬಿಟ್ಟರೆ ನಷ್ಟ ಏನೂ ಇಲ್ಲ, ಹಾಗಾಗಿ ಇದನ್ನು ಪರೀಕ್ಷೆಗೆ ಇಡದೆ ಬಿಟ್ಟಿದ್ದೇನೆ.

ಏನು ತಿಂದೆ ಅನ್ನುವಷ್ಟೇ ಯಾವಾಗ ತಿಂದೆ ಅನ್ನುವುದನ್ನೂ ಬರೆಯಿರಿ. ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ದೊಡ್ಡ ಕರುಳು ಜಾಗ ಖಾಲಿ ಮಾಡಲು ಶುರುಮಾಡುತ್ತದೆ, ಅದು ಎಲ್ಲರಿಗೂ ಆಗುವುದೇ. ನಾನು ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗುತ್ತೇನೆ. ನಾಷ್ಟಾ ಮಾಡಿ ಹತ್ತಿದರೆ ನವಲೂರು ದಾಟುವಷ್ಟರಲ್ಲಿ ಬೆವರು. ಅದೇ ಉಪ್ಪಿಟ್ಟನ್ನು ಆಫೀಸಿಗೆ ಹೋಗಿ ತಿಂದರೆ ಏನೂ ಇಲ್ಲ. ಒಂದು ವರ್ಷ ಉಪ್ಪಿಟ್ಟಿನ ರವೆಯನ್ನು ಬೈದಿದ್ದೆ.

ಊಟದ ತಪ್ಪಲ್ಲದ್ದು

ಹೊಟ್ಟೆ ಉಬ್ಬುವುದು ಬೇರೆ, ಕರುಳಿನ ಒಳಗೆ ಗಾಯ ಮತ್ತೆ ಏಳುವುದು ಬೇರೆ. ಸಂಡಾಸದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ಇಳಿಯುತ್ತಿರುವ ತೂಕ ಇದ್ದರೆ ವಹಿ ಮುಚ್ಚಿ ಡಾಕ್ಟರ ಹತ್ತಿರ ಹೋಗಿ. ಕ್ಯಾಲ್ಪ್ರೊಟೆಕ್ಟಿನ್ ಅನ್ನುವುದು ಕರುಳಿಗೆ ಉರಿಯೂತ ಬಂದಾಗ ಮಲದಲ್ಲಿ ಹೆಚ್ಚುವ ಪ್ರೋಟೀನು. ಅದರ ಪರೀಕ್ಷೆ ಈ ಎರಡನ್ನೂ ಬೇರ್ಪಡಿಸಿ ಹೇಳುತ್ತದೆ. ಸಾಮಾನ್ಯವಾಗಿ 50ರ ಒಳಗಿದ್ದರೆ ತಣ್ಣಗಿದೆ ಎಂದು, 250 ದಾಟಿದರೆ ಉರಿಯೂತ ಎದ್ದಿದೆ ಎಂದು ನೋಡುತ್ತಾರೆ. ನಾನು ಒಮ್ಮೆ ಎರಡು ವಾರ ಟೊಮೆಟೊ ಬಿಟ್ಟು, ಬದನಿ ಬಿಟ್ಟು, ಹುಣಸೆ ಬಿಟ್ಟು ಒದ್ದಾಡಿದೆ. ವರದಿ ಬಂದಾಗ 600 ದಾಟಿತ್ತು. ಆಗ ಬೇಕಿದ್ದದ್ದು ಗುಳಿಗೆ, ಪಥ್ಯ ಅಲ್ಲ. ಹಾಗೆಯೇ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಕಾಯಿಲೆ ಕೆರಳಿಸಬಹುದು. ತಪ್ಪು ಅಂದಿನ ಪಲ್ಯದ ಮೇಲೆ ಬೀಳುತ್ತದೆ.

ಭೇದಿ ಜಾಸ್ತಿ ಇದ್ದ ದಿನ ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಒಂದು ಚಮಚ ಅಂತ ಅಂದಾಜಿನಲ್ಲಿ ಹಾಕಬೇಡಿ. ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ ನೋಡಿಸಿ. ಬಿ12 ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ, ಕ್ರೋನ್ಸ್ ಹೆಚ್ಚು ಕೂರುವುದೂ ಅಲ್ಲೇ. ಈ ಕಾಯಿಲೆಗೆ ಕೊಡುವ ಸಲ್ಫಾಸಲಜೀನ್ ಗುಳಿಗೆ ನುಂಗುವವರಿಗೆ ಫೋಲಿಕ್ ಆಸಿಡ್ ಬೇಕಾಗುತ್ತದೆ, ಡಾಕ್ಟರನ್ನು ಕೇಳಿ.

ಪಟ್ಟಿ ಉದ್ದ ಆಗುತ್ತಿದೆಯೋ ಗಿಡ್ಡ ಆಗುತ್ತಿದೆಯೋ ಅನ್ನುವುದನ್ನು ನಾನು ಪ್ರತಿ ಯುಗಾದಿಗೆ ಎಣಿಸುತ್ತೇನೆ. ಮೊದಲ ವರ್ಷ ನನ್ನ ಸರಿ ಗುರುತುಗಳು 11. ಈ ಯುಗಾದಿಗೆ 63. ಸರಿ ಗುರುತು ಕಡಿಮೆಯಾಗುತ್ತ ಹೋದರೆ ಎಲ್ಲೋ ತಪ್ಪುತ್ತಿದ್ದೇನೆ ಎಂದು ಲೆಕ್ಕ.

ಮುಂದಿನ ಸಾಲಿನಲ್ಲಿ ಎಣ್ಣಿಗಾಯಿ ಇದೆ. ಬದನಿಯ ಬೀಜವೋ, ಸಿಪ್ಪೆಯೋ, ಒಳಗೆ ತುಂಬುವ ಶೇಂಗಾ-ಗುರೆಳ್ಳು ಮಸಾಲೆಯೋ, ಅದರಲ್ಲಿಯ ಉಳ್ಳಾಗಡ್ಡಿಯೋ ಇನ್ನೂ ಗೊತ್ತಿಲ್ಲ. ಅತ್ತೆ ಮೊದಲ ಮೂರು ದಿನಕ್ಕೆ ಎಳೆ ಬದನಿಕಾಯಿ ಆರಿಸಿ ತಂದಿದ್ದಾರೆ, ಉಳ್ಳಾಗಡ್ಡಿ ಬಿಟ್ಟು ಮಸಾಲೆ ರುಬ್ಬಿದ್ದಾರೆ. "ಇದಕ್ಕ ಎಣ್ಣಿಗಾಯಿ ಅಂತ ಕರೀಬ್ಯಾಡ ಮತ್ತ" ಎಂದು ಹೇಳಿಯೇ ಒಲೆಯ ಮೇಲೆ ಇಟ್ಟರು.